ಕೌಂಟರಿನಲ್ಲಿ ಕಂಡ ಅಕ್ಕ

ನನ್ನ ವೆಬ್‌ಸೈಟ್ ನೋಡಲು ದಿನಾ ಬರುತ್ತಿದ್ದವರು ಯಾರೆಂದು ಇವತ್ತು ಗೊತ್ತಾಯಿತು, ಗೆಳೆಯರೇ. ಅಕ್ಕಲಕೋಟೆಯ ನಮ್ಮ ಮನೆಯ ಅಂಗಳದಲ್ಲಿ ಅವ್ವ ಶೇಂಗಾ ಚಟ್ನಿ ಕುಟ್ಟುತ್ತಿರುವ ಫೋಟೊ ಇದೆಯಲ್ಲ, ಅದೇ ಪುಟ. ಮದುವೆಯಾಗಿ ಮಸ್ಕತ್ತಿಗೆ ಹೋದ ಅಕ್ಕನಿಗಾಗಿ ಮಾಡಿದ್ದು. ಅವ್ವ ತೀರಿಕೊಂಡ ಮೇಲೆ ಅವಳು ಊರಿಗೆ ಬಂದಿಲ್ಲ. ಕಾಗದ ಬರೆಯಲು ಮೊದಲಿನಿಂದಲೂ ಸೋಮಾರಿ. ಆದರೆ ನೋಡಿದವರನ್ನು ಎಣಿಸುವ ಕೌಂಟರ್ ಪುಟದ ಕೆಳಗೆ ಏರುತ್ತಲೇ ಇತ್ತು. ಅಕ್ಕನೇ ಮತ್ತೆ ಮತ್ತೆ ಬರುತ್ತಿದ್ದಾಳೆಂದು ನಾನು ನಂಬಿಕೊಂಡಿದ್ದೆ.

ಇವತ್ತು ಸೋಲಾಪುರದ ಸೈಬರ್ ಕೆಫೆಯಲ್ಲಿ ಕುಳಿತು, ಯಾರು ಎಲ್ಲಿಂದ ಬಂದರೆಂಬ ವಿವರ ತೆಗೆದು ನೋಡಿದೆ. ಎಲ್ಲರೂ ಭಾರತದವರು, ಅದೂ ಒಂದೇ ಜಾಗದಿಂದ. ಅದು ಯಾವ ಜಾಗವೆಂದು ಕೆಫೆ ನಡೆಸುವ ಮಲ್ಲುವನ್ನು ಕೇಳಿದೆ.

"ಅದು ನಮ್ಮ ಅಂಗಡೀನ ರೀ," ಎಂದ, ಹೆಮ್ಮೆಯಿಂದ. "ನಮ್ಮವರ ಸೈಟ್ ಅಂತ ಎಲ್ಲಾ ಮಷೀನಿಗೂ ಹಚ್ಚೀನಿ. ಇಂಟರ್ನೆಟ್ ಸುರು ಮಾಡಿದ ಕೂಡ್ಲೆ ಮದಲ ನಿಮ್ಮ ಅವ್ವಾರು ಕಾಣಸ್ತಾರ."

"ಮಂದಿ ಓದತಾರೇನು?"

"ಈಗಿನ ಹುಡುಗ್ರಿಗೆ ಕನ್ನಡ ಓದಾಕ ಎಲ್ಲಿ ಬರ್ತೈತ್ರಿ? 'ಆಜಿ ಆಲಿ', ಅಜ್ಜಿ ಬಂದ್ಲು ಅಂತ ಮರಾಠಿಯೊಳಗ ನಗತಾರ, ಮುಂದ ತಮ್ಮ ಕೆಲಸಕ್ಕ ಹತ್ತತಾರ."

ನಾನು ಮತ್ತೆ ಕೌಂಟರಿನತ್ತ ನೋಡಿದಾಗ ಅವನೇ ಕೇಳಿದ, "ತಗದು ಬಿಡ್ಲೇನ್ರಿ?"

"ಬ್ಯಾಡ, ಇರ್ಲಿ," ಎಂದೆ. ಅಕ್ಕ ಎಂದಾದರೂ ಈ ಪುಟಕ್ಕೆ ಬಂದ ದಿನ ಮನೆ ಖಾಲಿ ಕಾಣಬಾರದಲ್ಲ.