ಏರಿ ಅಂದರೆ ಕಣ್ಮಾಯ್ ಅಂದೆ

ತಮಿಳುನಾಡಿನಲ್ಲಿ ತೇನಿ ಜಿಲ್ಲೆಯಾದ ಹೊಸತು. ತೇವಾರಂನ ನಮ್ಮ ಬೀದಿಯಲ್ಲಿ ನಿಂತು ಯಾರ ದನಿಯನ್ನೂ ಅಣಕಿಸದೆ ನಾನು ಬಿಟ್ಟವನಲ್ಲ: ಬೋಡಿಯಲ್ಲಿ ಏಲಕ್ಕಿ ಹರಾಜು ಕೂಗುವವರು, ಬಸ್ ಕಂಡಕ್ಟರು, ನೆಗಡಿ ಹಿಡಿದ ನಾನೇ. ಇಂಥವನನ್ನು ದಿಂಡಿಗಲ್ಲಿನ ಒಂದು ಸಂಸ್ಥೆಯವರು ಕರೆಸಿದರು. ರಾಮೇಶ್ವರದ ಕಡೆಯ ಪುಟ್ಟ ದ್ವೀಪವೊಂದರ ಮೀನುಗಾರರು ಬರುತ್ತಾರೆ, ಕಡಲ ನೀರು ಏರುತ್ತಾ ಹೋದರೆ ಊರನ್ನು ಹೇಗೆ ಉಳಿಸಿಕೊಳ್ಳುವುದೆಂದು ಅವರೊಡನೆ ಕೂತು ಯೋಜನೆ ಮಾಡಲು ಮಂಗಳೂರಿನಿಂದ ಒಬ್ಬರು ಮೇಡಂ ಬರುತ್ತಾರೆ, ಅವರಿಗೆ ತಮಿಳು ಬಾರದು, ನಿಮ್ಮ ಮನೆಮಾತು ಕನ್ನಡವಂತಲ್ಲ, ಇವರ ಮಾತು ಅವರಿಗೆ ದಾಟಿಸಿ ಅಂದರು. ಕನ್ನಡ ನಮಗೆ ತಾಯಿಹಾಲು ಸಾರ್ ಅಂದುಬಿಟ್ಟೆ. ಅದನ್ನು ಹೇಳಿದ್ದೂ ತಮಿಳಿನಲ್ಲೇ.

ಅವ್ವ ಒಲೆಯ ಮುಂದೆ ಕೂತೇ ನಕ್ಕಳು. "ನನ್ ಕೂಡ ನಾಕ್ ಮಾತು ಆಡಕ್ಕ ಬರಲ್ಲ ನಿನಗ. ಅವ್ರ ಕೂಡ ಎಂಗ ಪೇಸ್ತೀಯ?"

ದಿಂಡಿಗಲ್ಲಿನ ಸಭೆಯಲ್ಲಿ ಊಟದ ಹೊತ್ತಿನವರೆಗೆ ಚೆನ್ನಾಗಿಯೇ ಪೇಸಿದೆ. ಆಮೇಲೆ ಮೇಡಂ, ಮಳೆಗಾಲದಲ್ಲಿ ಉಪ್ಪುನೀರು ನುಗ್ಗುವ ಹಿಂಬದಿಯ ತಗ್ಗನ್ನು ನಕ್ಷೆಯಲ್ಲಿ ತೋರಿಸಿ, ಮನೆಗಳ ಹಿಂದೆ ಒಂದು ಏರಿ ಬೇಕು ಅಂದರು. ತಮಿಳಿನಲ್ಲಿ ಏರಿ ಅಂದರೆ ಕೆರೆ. ಅವರ ಕಡೆಯೂ ನಮ್ಮ ಕಡೆಯೂ ಕೆರೆಗೆ ಕಣ್ಮಾಯ್ ಅನ್ನುವುದೇ ರೂಢಿ. ಆದ್ದರಿಂದ ಇನ್ನೂ ಜಾಣನಾಗಿ, ನಿಮ್ಮ ಮನೆಗಳ ಹಿಂದೆ ಕಣ್ಮಾಯ್ ತೋಡುತ್ತಾರೆ ಅಂದೆ.

ಕಡಲಪಾಚಿ ಕೀಳುವ ಹೆಂಗಸರ ಮುಖಂಡಳಾದ ಒಬ್ಬ ಅಜ್ಜಿ ಎದ್ದು ನಿಂತಳು. ಮನೆಗಳ ಹಿಂದೆ ನೆಲದಿಂದ ಒಸರುವ ಊಟೆಯೊಂದೇ ಇಡೀ ಊರಿಗೆ ಸಿಹಿನೀರು, ಅದನ್ನು ಮುಳುಗಿಸಿದ ಮೇಲೆ ಅಲ್ಲಿರುವುದು ಯಾರು ಎಂದಳು. "ಊರು ಬಿಟ್ಟು ಹೋಗಿ ಅಂತ ನೇರವಾಗೇ ಹೇಳು ತಂಬಿ. ಕಣ್ಮಾಯ್ ಗಿಣ್ಮಾಯ್ ಯಾಕೆ?"

ಇದನ್ನು ಮೇಡಂಗೆ ಕನ್ನಡದಲ್ಲಿ ಹೇಳಬೇಕಿತ್ತು. ಹೇಳಿದೆ. ಆದರೆ ಗಂಟಲು ಅಭ್ಯಾಸಬಲದಿಂದ ಅಜ್ಜಿಯದಾಯಿತು. ಅದೇ ಒಡಕು ದನಿ, ಸೊಂಟದ ಮೇಲೆ ಅದೇ ಕೈ. ಸಂಸ್ಥೆಯ ಹುಡುಗರು ಗೊಳ್ಳೆಂದರು. ಅಜ್ಜಿಗೆ ಕನ್ನಡ ಬಾರದಿದ್ದರೇನು, ತನ್ನ ದನಿ ಗೊತ್ತಿಲ್ಲವೇ? ತಟ್ಟನೆ ಕೂತುಬಿಟ್ಟಳು. ಅವಳ ಹಿಂದಿದ್ದವರು ಹೊರಡಲು ಚೀಲಗಳಿಗೆ ಕೈಹಾಕಿದರು.

ಮೇಡಂ ನಗಲಿಲ್ಲ. ಊಟೆಗೆ ಉಪ್ಪು ಸೇರಬಾರದೆಂದೇ ಅಲ್ಲವೇ ಏರಿ ಕಟ್ಟುವುದು, ಅದರಿಂದ ಊಟೆ ಮುಳುಗುವುದು ಹೇಗೆ ಎಂದು ನನ್ನನ್ನೇ ಕೇಳಿದರು. ಕೇಳಿದವರೇ ನೆಲಕ್ಕೆ ಕೂತು, ಹಾಸಿದ್ದ ಜಮಖಾನದ ಅಂಚನ್ನು ಎರಡೂ ಕೈಯಿಂದ ದಿಬ್ಬದಂತೆ ಮೇಲೆತ್ತಿದರು. "ಇದು ಏರಿ."

ಅಜ್ಜಿ ಬಗ್ಗಿ ನೋಡಿದಳು. ಇದು ಕರೈ, ನೀರು ತಡೆಯುವ ಒಡ್ಡು, ಕಣ್ಮಾಯ್ ಎಲ್ಲಿಂದ ಬಂತು ಎಂದಳು. ಎಲ್ಲರೂ ನನ್ನತ್ತ ತಿರುಗಿದರು. ಕೆರೆಯೂ ಅಲ್ಲದ ಒಡ್ಡೂ ಅಲ್ಲದ ವಸ್ತು ಆ ಕೋಣೆಯಲ್ಲಿ ನಾನೊಬ್ಬನೇ. ತಾಯಿಹಾಲು ಎಂದು ಬೀಗಿದ ಬಾಯಿಯನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ.

ಒಡ್ಡಾದರೆ ಆಗಬಹುದು, ಆದರೆ ಅದಕ್ಕೆ ಮಣ್ಣನ್ನು ಊಟೆಯ ಬಳಿ ತೋಡಕೂಡದು, ತೋಡಿದರೆ ಉಪ್ಪು ಒಳಗಿಂದಲೇ ಬರುತ್ತದೆ ಎಂದಳು ಅಜ್ಜಿ. ಆಮೇಲೆ ನನ್ನ ಕಡೆ ನೋಡಿದಳು.

"ಇದನ್ನ ನಿನ್ನ ದನಿಯಲ್ಲೇ ಹೇಳು ತಂಬಿ."

ಹೇಳಿದೆ. ಬೋಡಿಯದೂ ಅಲ್ಲ, ಬಸ್ಸಿನದೂ ಅಲ್ಲ, ಎಂಥದೋ ಸಣ್ಣ ದನಿ ಬಂತು. ಸ್ವಲ್ಪ ಜೋರಾಗಿ ಹೇಳಿ, ಕೇಳಿಸುತ್ತಿಲ್ಲ ಅಂದರು ಮೇಡಂ.