ಒಂದು ಸೂಜಿ ಕಮ್ಮಿ

ಸುಮಾ, ರಘು, ಇದು ಲಿಂಗನಮಕ್ಕಿ ಅಣೆಕಟ್ಟು ಕಟ್ಟುತ್ತಿದ್ದ ಕಾಲದ ಮಾತು. ಹೊಸನಗರದ ಜೀಪ್ ಮೇಸ್ತ್ರಿ ನಮ್ಮ ಜೀಪಿನ ಮುಂದಿನ ಚಕ್ರಕ್ಕೆ ಹೊಸ ಕ್ರಾಸ್, ಅಂದರೆ ಚಕ್ರ ತಿರುಗಿಸುವ ಕೀಲು, ಹಾಕುತ್ತಾ, ಅದರ ಬೇರಿಂಗಿನೊಳಗಿನ ಸೂಜಿ ಎನ್ನುವ ಸಣ್ಣ ಉಕ್ಕಿನ ಕಡ್ಡಿಗಳನ್ನು ಗ್ರೀಸ್ ಹಚ್ಚಿ ಒಂದೊಂದಾಗಿ ಕೂರಿಸುತ್ತಿದ್ದರು. ನನ್ನ ಮಡಿಲಲ್ಲಿ ಜ್ವರದ ಮಗು, ನಿಮ್ಮಮ್ಮ. ಸಾಗರದ ಆಸ್ಪತ್ರೆಗೆ ಹೋಗಬೇಕಿತ್ತು.

"ಬೇಗ ಮುಗಿಸ್ರೀ," ಎಂದರು ನಿಮ್ಮಜ್ಜ.

"ಅವಸರ ನಿಮ್ದು, ಚಕ್ರದ್ದಲ್ಲ." ಅದು ಮೇಸ್ತ್ರಿಯ ಮಾಮೂಲಿ ಮಾತು. "ಒಂದು ಸೂಜಿ ಕಮ್ಮಿ ಇದೆ. ಗಾಡಿ ಬಿಡೋದಿಲ್ಲ."

ಅವರು ಮಂಡಿಯೂರಿ ನೆಲ ತಡವಿದರು. ಸೂಜಿ ನನ್ನ ಕಾಲ ಬಳಿಗೆ ಉರುಳಿದ್ದನ್ನು ನಾನು ಕಂಡಿದ್ದೆ. ಆದರೆ ಪರಗಂಡಸರೆದುರು ಬಾಯಿ ಬಿಟ್ಟವಳಲ್ಲ. ಮಗು ನರಳಿತು.

"ಇಲ್ಲಿದೆ, ಅಣ್ಣಾ," ಎಂದೆ.

ಅವರು ಸೂಜಿಯನ್ನು ಅಂಗಿಗೆ ಒರೆಸಿಕೊಂಡು ನಕ್ಕರು. "ಆಗ್ಲೇ ಹೇಳ್ಬಾರ್ದಿತ್ತಾ ತಂಗಿ?"

ಹೊತ್ತು ಮುಳುಗುವ ಮೊದಲೇ ಸಾಗರ ಸೇರಿದೆವು. ನಿಮಗಾಗಿ ಬರೆದ ಈ ಹಾಳೆಗಳನ್ನು ಜೋಪಾನವಾಗಿಡಿ. ಅಂದು ಆ ಎರಡು ಮಾತಿಗೆ ಹಿಡಿದ ಹಾಗೆ, ಇಷ್ಟನ್ನು ಹೇಳುವುದಕ್ಕೂ ನನಗೆ ಬಹಳ ಹೊತ್ತು ಹಿಡಿಯಿತು.