ಬಾಣಂತಿಯರನ್ನು ನಡೆಸಿದ ಸೂಲಗಿತ್ತಿ

ಹಣೆತುಂಬ ವಿಭೂತಿ, ಎಲೆ ಅಡಿಕೆಗೆ ಕೆಂಪಾದ ಹಲ್ಲು, ಮೊಣಕಾಲವರೆಗೆ ಎತ್ತಿ ಕಟ್ಟಿದ ಸೀರೆ. ನಮ್ಮೂರು ಮಟಕಿಯ ಸೂಲಗಿತ್ತಿ ಓಣಿಗೆ ಕಾಲಿಟ್ಟರೆ ಬಾಣಂತಿಯರಿಗೆ ಖುಷಿ, ಮನೆಯ ಹಿರಿಯರಿಗೆ ಸಿಟ್ಟು. ಎಂಬತ್ತರ ದಶಕದಲ್ಲಿ ನಮ್ಮ ಕಡೆ ಬಾಣಂತಿಯೆಂದರೆ ಹೊರಸಿನ ಮೇಲೆ ಮಲಗಿಯೇ ಇರಬೇಕು. ಕೆಳಗೆ ಕೆಂಡ, ಕಿವಿಗೆ ಬಟ್ಟೆ, ಕುಡಿಯಲು ಗುಟುಕು ನೀರು. ಈಕೆ ಬಂದವಳೇ, "ಏಳು ಬೇ, ಅಂಗಳದಾಗ ನಾಕು ಹೆಜ್ಜಿ ಹಾಕು. ಮಲಗೇ ಇದ್ರ ಕಾಲಾಗ ರಕ್ತ ಹೆಪ್ಪುಗಟ್ಟತದ," ಎಂದು ಎಬ್ಬಿಸುತ್ತಿದ್ದಳು. ತಂಬಿಗೆ ತುಂಬ ನೀರು ಕುಡಿಸದೆ ಬಿಡುತ್ತಿರಲಿಲ್ಲ. ಮೈಗೆ ನೀರು ಎರೆಯುವ ಮುಂಚೆ ಎರಡೂ ಕಾಲು ಜೋಡಿಸಿ, ಒಂದು ಬಾತಿದೆಯೇ ಎಂದು ನೋಡುವುದು ಬೇರೆ. "ಮುದುಕಿಗೆ ಅರಳುಮರಳು," ಎಂದು ನನ್ನ ಅವ್ವನೂ ನಗುತ್ತಿದ್ದಳು.

ನನ್ನ ಚೊಚ್ಚಲ ಹೆರಿಗೆಯ ಹೊತ್ತಿಗೆ ಆಕೆ ಚೌಡಾಪುರದ ನೆಂಟರ ಮನೆಗೆ ಹೋಗಿದ್ದಳು. ಅವ್ವ ಪದ್ಧತಿಯಂತೆ ನನ್ನನ್ನು ಹೊರಸಿಗೆ ಹಾಕಿದಳು. ಕೆಲವೇ ದಿನಗಳಲ್ಲಿ ಎಡಗಾಲ ಮೀನಖಂಡ ಬಾತು, ಬಿಸಿಯಾಗಿ, ಮುಟ್ಟಿದರೆ ಜೀವ ಹೋಗುವಷ್ಟು ನೋಯತೊಡಗಿತು. ಅವ್ವ ಬಿಸಿ ಎಣ್ಣೆ ತಂದು ತಿಕ್ಕಲು ಕುಳಿತಳು. ಅಷ್ಟರಲ್ಲಿ ಊರಿಗೆ ಮರಳಿದ ಸೂಲಗಿತ್ತಿ ಬಾಗಿಲಲ್ಲಿ ನಿಂತಿದ್ದಳು.

"ಕೈ ತಗೀರಿ!" ಎಂದು ಚೀರಿದವಳೇ ಎಣ್ಣೆ ಬಟ್ಟಲನ್ನು ಒದ್ದಳು. "ಒಂದೇ ಕಾಲು ಬಾತದ. ತಿಕ್ಕಿದ್ರ ರಕ್ತದ ಗಂಟು ಎದಿಗೆ ಏರತದ್ರಿ. ಈಗಿಂದೀಗ ದವಾಖಾನಿಗಿ ಒಯ್ಯರಿ."

ಯಾರದೋ ಜೀಪು ಹಿಡಿದು ಕಲಬುರ್ಗಿಗೆ ಒಯ್ದರು. ಡಾಕ್ಟರೂ ಅದನ್ನೇ ಹೇಳಿ, ರಕ್ತ ತೆಳುವಾಗುವ ಸೂಜಿ ಚುಚ್ಚಿದರು. ನಾನು ಉಳಿದೆ.

ಊರಿಗೆ ಬಂದು ಆಕೆಯ ಕಾಲಿಗೆ ಬಿದ್ದೆ. ಆಕೆಯ ಮಗಳು ಬಾಣಂತನದಲ್ಲಿ ಸತ್ತದ್ದು ಊರಿಗೆಲ್ಲ ಗೊತ್ತಿತ್ತು. ಹೇಗೆಂದು ಯಾರೂ ಕೇಳಿರಲಿಲ್ಲ.

"ನನಗ್ಯಾಕ ಕಾಲ ಬೀಳ್ತಿ ಬೇ," ಎಂದಳು. "ನನ್ನ ಮಗಳ ಕಾಲೂ ಹಿಂಗೇ ಬಾತಿತ್ತು. ನೋಯಾಕತ್ತದ ಅವ್ವಾ, ಬಿಡು ಅಂದ್ಲು. ಜರಾ ತಡಿಯವ್ವಾ, ಇಳೀತದ ಅಂತ ನಾನೇ ತಿಕ್ಕೀನಿ. ಉಸರು ಸಿಗವಲ್ದು ಅಂದ್ಲು, ಅಷ್ಟೇ. ಯಾಕ ಹಂಗಾತಂತ ಡಾಕ್ಟರು ಆಮ್ಯಾಲ ಹೇಳಿದ್ರು."

ಊರ ತುಂಬ ಹೆಣ್ಣುಮಕ್ಕಳನ್ನು ಕಾದ ಮೇಲೂ ಆಕೆಗೆ ತನ್ನ ಮೇಲಿನ ಸಿಟ್ಟು ಇಳಿಯಲಿಲ್ಲ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಕೊನೆಗಾಲದಲ್ಲಿ ಆಕೆಗೆ ಗುರುತು ತಪ್ಪಿತ್ತು. ಬಾಯಿಗೆ ನೀರು ಬಿಡಲು ಹೋದ ನನ್ನನ್ನು ಮಗಳ ಹೆಸರು ಹಿಡಿದು ಕರೆದಳು.

"ಇನ್ನೂ ನೋಯಾಕತ್ತದೇನವ್ವಾ?"

"ಇಲ್ಲವ್ವಾ," ಎಂದೆ, "ಇಳದದ."